ಮೂಗುಮೇಸ್ತ್ರಿಯ ಎಡಹೊಳ್ಳೆ

ಪೆಟ್ಟಿಗೆ ವಾಪಸ್ ಬಂತು! ನಮ್ಮ ಅಂಗಡಿಯಿಂದ, ಅದೂ ನಮ್ಮ ಮಾವನ ಕೈಯಿಂದ ಹೋದ ಪೆಟ್ಟಿಗೆ ವಾಪಸ್ ಬಂತು ಅಂದರೆ ಯಾರು ನಂಬುತ್ತಾರೆ? ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷ. ಮೇಜು, ಮಂಚ, ಕಪಾಟು, ಏನೇ ಹೋಗಲಿ, ಹೋದದ್ದು ಹೋದ ಹಾಗೇ. ಮುಂಬಾಗಿಲ ಹತ್ತಿರ ಕುರ್ಚಿಯ ಮೆತ್ತೆಗೆ ಬಟ್ಟೆ ಹೊಲಿಯುತ್ತಾ ಕೂತಿದ್ದವಳು ಮಿಷನ್ ನಿಲ್ಲಿಸಿ ಎದ್ದುಬಿಟ್ಟೆ.

ತಂದವರು ಒಬ್ಬ ಟೀಚರಮ್ಮ. ಗಾಡಿಯಿಂದ ಇಳಿಸಿ, ನಡು ಅಂಗಡಿಯಲ್ಲಿ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಮುಚ್ಚಳ ತೆಗ್ದು ನೀವೇ ಮೂಸಿ ನೋಡಿ. ದೇವದಾರು ಮರದ್ದು, ಹುಳ ಹತ್ರ ಸುಳಿಯಲ್ಲ ಅಂತ ತಾನೇ ಕೊಟ್ಟಿದ್ದು? ನನ್ನ ಉಣ್ಣೆ ಶಾಲು ಜರಡಿ ಆಗಿದೆ!"

ತಲೆ ಒಳಗೆ ಹಾಕಿ ಮೂಸಿದೆ. ಅಂಟಿನ ವಾಸನೆ ಬಂತು, ಹಳೇ ಬಟ್ಟೆಯ ವಾಸನೆ ಬಂತು. ದೇವದಾರಿನ ಘಮ ಎಲ್ಲೂ ಇಲ್ಲ. ನಂಬಲಾಗದೆ ಇನ್ನೊಮ್ಮೆ ಮೂಸಿದೆ.

ಯಾಕೆ ಅಂದರೆ, ನಮ್ಮ ಮಾವನಿಗೆ ಮರದ ಡಿಪೋಗಳ ಬೀದಿಯಲ್ಲಿ ಇರುವ ಹೆಸರೇ ಮೂಗುಮೇಸ್ತ್ರಿ. ಮರ ನಯಮಾಡಲು ತೋಪಡ ಹೊಡೆದಾಗ ಏಳುವ ಒಂದು ಸಿಪ್ಪೆ ಕೈಗೆ ಕೊಟ್ಟರೆ ಸಾಕು. ಕಣ್ಣು ಮುಚ್ಚಿ ಮೂಸಿ, ಇಂಥ ಮರ, ಇಷ್ಟು ವರ್ಷ ಒಣಗಿದೆ, ನಡುವೆ ಒಂದ್ಸಲ ನೆನೆದಿದೆ ಅಂತ ಹೇಳಿಬಿಡುತ್ತಿದ್ದರು. ಡಿಪೋದವರಿಗೂ ಗಿರಾಕಿಗೂ ಜಗಳ ಹತ್ತಿದರೆ ಮಾವನಿಗೆ ಕರೆ ಬರುತ್ತಿತ್ತು. ಅವರು ಮೂಸಿ ಹೇಳಿದರೆ ಅಲ್ಲಿಗೆ ಮಾತು ಮುಗೀತು.

ಅಂಗಡಿಯ ಹಿಂಬದಿಯ ಕಾರ್ಖಾನೆಯಿಂದ ನಮ್ಮವರು ಬಂದರು, ಅಂದರೆ ನನ್ನ ಗಂಡ, ರೆಪ್ಪೆಯ ಮೇಲೆಲ್ಲ ಮರದ ಪುಡಿ. ಅವರ ಹಿಂದೆ ಮಾವ.

"ಅಪ್ಪಾ, ಇದು ದೇವದಾರಾ?"

ಮಾವ ಪೆಟ್ಟಿಗೆಯ ಅಂಚಿನಲ್ಲಿ ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದರು. "ಹ್ಞೂಂ. ದೇವದಾರೇ."

ಹಸಿ ಸುಳ್ಳು! ನಾನು ಬಾಯಿಗೆ ಸೆರಗು ಇಟ್ಟುಕೊಂಡೆ. ಅಷ್ಟರಲ್ಲಿ ಸ್ಕೂಲಿಂದ ಬಂದ ನನ್ನ ಮಗಳು, ಹನ್ನೆರಡು ವರ್ಷದ ಚೂಟಿ, ಚೀಲ ಇಳಿಸದೆ ಪೆಟ್ಟಿಗೆಯೊಳಗೆ ಬಗ್ಗಿ ಎದ್ದು ಹೇಳಿದಳು: "ಇದು ಪೈನು. ತಾತ, ಇದನ್ನ ಯಾಕೆ ನನ್ನ ಹತ್ರ ಮೂಸಿಸ್ಲಿಲ್ಲ?"

"ಏನಂದೆ?" ನಮ್ಮವರು ತಿರುಗಿದರು.

"ರಜಾ ದಿನ ಡಿಪೋಗೆ ಹೋದಾಗೆಲ್ಲ ನಾನೇ ತಾನೇ ಮೂಸಿ ಹೇಳೋದು? ತಾತ ಕೆಮ್ಮಿದಾಗ, ಮರ ಒಳ್ಳೇದಾದ್ರೆ ನಾನು ತಲೆ ಆಡಿಸ್ಬೇಕು, ಇಲ್ಲಾಂದ್ರೆ ಸುಮ್ನಿರ್ಬೇಕು. ಅಮ್ಮಂಗೆ ಹೇಳ್ಬೇಡ ಅಂದಿದ್ರು." ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆ ಪೈನು ಕೊಂಡದ್ದು ರಜೆಯಿಲ್ಲದ ಒಂದು ದಿನ. ಮೊಮ್ಮಗಳು ಸ್ಕೂಲಲ್ಲಿದ್ದಳು. ಕಣ್ಣಿಗೆ ಎರಡು ಮರವೂ ಅಕ್ಕತಂಗಿಯರ ಹಾಗೆ, ಬೇರೆ ಮಾಡಬೇಕಾದದ್ದು ಮೂಗು. ಆ ಮೂಗು ಕೆಲಸ ನಿಲ್ಲಿಸಿ ಎಂಟು ತಿಂಗಳಾಗಿತ್ತು.

ಹೊಸ ಪೆಟ್ಟಿಗೆ ಮಾಡಿಕೊಡುತ್ತೇವೆ ಅಂತ ಟೀಚರಮ್ಮನನ್ನು ಕಳಿಸಿ, ಊಟಕ್ಕೆ ಕೂತಾಗ ವಿಚಾರಣೆ ಶುರುವಾಯಿತು. ನಮ್ಮ ಮನೆಯಲ್ಲಿ ನ್ಯಾಯಾಧೀಶರು ಅತ್ತೆ. ಮಹಡಿ ಮೇಲಿನ ಅಡುಗೆಮನೆಯೇ ಕೋರ್ಟು.

"ನಿಮ್ಮ ಕರ್ಚೀಫಲ್ಲಿ ರಕ್ತ ಕಂಡಾಗ ಏನಂದ್ರಿ? ಉಷ್ಣ ಅಂದ್ರಿ. ಎಳನೀರು ಕುಡಿಸ್ದೆ!"

"ಉಷ್ಣಾನೇ ಅನ್ಕೊಂಡೆ ಕಣೇ."

"ಎಡಗಡೆ ಒಂದೇ ಹೊಳ್ಳೆಗೆ ಉಷ್ಣಾನಾ? ಬಲಗಡೆ ತಂಪಾ?"

ನಾನು ಅನ್ನ ಬಡಿಸುತ್ತಾ ನಗು ತಡೆದೆ. ಆದರೆ ನಗುವ ವಿಷಯ ಅಲ್ಲ. ಮೂರು ವರ್ಷದ ಹಿಂದೆ ಮಾವನ ಎಡಹೊಳ್ಳೆಯಿಂದ ಒಂದು ಗಂಟು ತೆಗೆಸಿದ್ದೆವು. ಕೆಟ್ಟದ್ದಲ್ಲ, ಆದರೆ ಮತ್ತೆ ಬೆಳೆಯೋ ಜಾತಿ, ಆರು ತಿಂಗಳಿಗೊಮ್ಮೆ ತೋರಿಸಲೇಬೇಕು ಅಂತ ಆಗಲೇ ಹೇಳಿದ್ದರು. ಮಾವ ತಪ್ಪದೆ ಹೋಗುತ್ತಿದ್ದರು. ಅತ್ತೆ ಬಿಳಿ ಅಂಗಿ ಇಸ್ತ್ರಿ ಮಾಡಿ ಕೊಡುತ್ತಿದ್ದರು. ಸಂಜೆ ಬಂದು "ಎಲ್ಲ ಸರಿ ಇದೆಯಂತೆ" ಅನ್ನುತ್ತಿದ್ದರು.

"ಆರು ಸಲ ಹೋಗಿದ್ದೀರಲ್ಲ, ಡಾಕ್ಟ್ರು ನೋಡ್ಲಿಲ್ವಾ?" ನಮ್ಮವರು ಕೇಳಿದರು.

ಮಾವ ತಟ್ಟೆಯಲ್ಲಿ ಗೆರೆ ಎಳೆದರು. "ಮೊದಲ್ನೇ ಸಲ ಹೋಗಿದ್ದೆ."

"ಉಳಿದ ಐದು ಸಲ?" ಅತ್ತೆಯ ಸೌಟು ನಿಂತಿತು.

"ಡಿಪೋಗೆ."

ಅಬ್ಬಬ್ಬಾ! ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಏನೇನು ಮಾತು ಹಾರಾಡಿತು ಅಂತ ಕೇಳಬೇಡಿ. ಇಸ್ತ್ರಿ ಮಾಡಿದ ಐದು ಅಂಗಿಯ ಲೆಕ್ಕ ಅತ್ತೆ ಇವತ್ತಿಗೂ ಬಿಟ್ಟಿಲ್ಲ. ಮರುದಿನ ಬೆಳಗ್ಗೆ ಎಂಟಕ್ಕೆಲ್ಲ ಮಾವ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ನಮ್ಮವರು. ಓಡಿಹೋಗೋ ದಾರಿ ಇರಲಿಲ್ಲ.

ಮೂಗಿನ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು, ಚುರುಕು. ನೂಲಿನಂಥ ಸಣ್ಣ ಕ್ಯಾಮೆರಾ ಕೊಳವೆಯನ್ನು ಹೊಳ್ಳೆಗೆ ಇಳಿಸಿದರು. ಗೋಡೆಯ ಟಿವಿಯಲ್ಲಿ ಮಾವನ ಮೂಗಿನ ಒಳಗು! ಎಡಗಡೆ ದಾರಿಯೇ ಇಲ್ಲ, ದ್ರಾಕ್ಷಿ ಗೊಂಚಲಿನಂಥದ್ದು ತುಂಬಿಕೊಂಡು, ನಡುಗೋಡೆಯನ್ನು ಒತ್ತಿ ಬಲಗಡೆಯನ್ನೂ ಮುಚ್ಚುತ್ತಿತ್ತು.

"ಹಳೇ ಗಂಟು ಮತ್ತೆ ಬೆಳೆದಿದೆ," ಅಂದರು. "ಎಷ್ಟು ವರ್ಷದಿಂದ ಮರದ ಕೆಲಸ?"

"ನಲವತ್ತೆರಡು."

"ಸಿಗರೇಟು?"

"ಈಗ ಕಮ್ಮಿ."

"ನಿನ್ನೆ ಎಂಟು," ಅಂದೆ ನಾನು. ಮಾವ ದುರುಗುಟ್ಟಿ ನೋಡಿದರು. ನೋಡಲಿ!

"ಕೆಲಸ ಮಾಡುವಾಗ ಮಾಸ್ಕ್ ಹಾಕ್ಕೊಳ್ತೀರಾ?"

"ಮಾಸ್ಕ್ ಹಾಕ್ಕೊಂಡ್ರೆ ಮರ ಹೇಗಮ್ಮ ಗೊತ್ತಾಗ್ಬೇಕು?" ಮಾವ ನಿಜವಾಗಿಯೂ ಆಶ್ಚರ್ಯಪಟ್ಟರು. "ಸಿಪ್ಪೆ ಏಳುವಾಗ ಮೂಗನ್ನ ಹತ್ರ ತಗೊಂಡು ಹೋಗ್ಬೇಕು. ನಮ್ಮಪ್ಪ ನಂಗೆ ಕಲಿಸಿದ್ದು ಅದು, ನಾನು ಇವನಿಗೆ ಕಲಿಸಿದ್ದೂ ಅದೇ."

ಡಾಕ್ಟ್ರಮ್ಮ ಅದನ್ನೂ ಬರೆದುಕೊಂಡರು. ಆಮೇಲೆ ಗಂಟಿನಿಂದ ಒಂದು ಚೂರು ತೆಗೆದು ಬಾಟಲಿಗೆ ಹಾಕಿದರು. "ಈ ಗಂಟು ಎಲ್ಲರಲ್ಲೂ ಕೆಡಲ್ಲ. ಕೆಲವರಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತೆ. ಒಂದು ವೈರಸ್ಸಿಗೂ ಪರೀಕ್ಷೆ ಬರೆದಿದ್ದೀನಿ, ಎಚ್‌ಪಿವಿ ಅಂತ. ಹತ್ತು ದಿನ ಬಿಟ್ಟು ಬನ್ನಿ."

ಅಯ್ಯೋ, ಆ ಮೂರು ಅಕ್ಷರ ಚೀಟಿಯಲ್ಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು! ಸಂಜೆ ತಿಂಡಿ ತಿನ್ನುತ್ತಾ ನಮ್ಮವರು ಫೋನ್ ತೆಗೆದು ಜೋರಾಗಿ ಓದಿದರು. "ಎಚ್‌ಪಿವಿ. ಬಹಳ ಸಾಮಾನ್ಯವಾದ ವೈರಸ್. ಮುಖ್ಯವಾಗಿ ಗಂಡು ಹೆಣ್ಣಿನ ದೈಹಿಕ..." ಅಂದವರು ಗಪ್ಪಂತ ಬಾಯಿ ಮುಚ್ಚಿದರು.

"ಮುಂದೆ ಓದು," ಅಂದರು ಅತ್ತೆ.

"ಏನಿಲ್ಲಮ್ಮ, ನೆಟ್‌ವರ್ಕ್ ಹೋಯ್ತು."

"ಓದು ಅಂದೆ."

ನಾನು ಮಗಳಿಗೆ ಕೆಳಗಿನಿಂದ ನೀರು ತಾ ಅಂದೆ. ನೀರಿನ ಕೊಡ ಅಲ್ಲೇ ಪಕ್ಕದಲ್ಲಿತ್ತು. ಅವಳು ಅದನ್ನೂ ನನ್ನನ್ನೂ ನೋಡಿ, ಮುಸಿಮುಸಿ ನಗುತ್ತಾ ಇಳಿದು ಹೋದಳು. ನಮ್ಮವರು ಉಳಿದದ್ದನ್ನು ಗೊಣಗುಟ್ಟಿ ಓದಿದರು.

ಅತ್ತೆ ಮಾವನ ಮುಂದಿದ್ದ ತಿಂಡಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಹಡಗಿನ ಕೆಲಸ," ಅಂದರು.

"ಯಾವ ಹಡಗು?" ಮಾವ ಕೇಳಿದರು.

"ಯಾವ ಹಡಗಾ? ಇವನು ಹೊಟ್ಟೇಲಿದ್ದಾಗ ಬಂದರಿಗೆ ಹೋಗಿ ನಾಲ್ಕು ತಿಂಗಳು ಕೂತ್ರಲ್ಲ, ಆ ಹಡಗು! ಕ್ಯಾಬಿನ್ ಕೆಲಸ, ಕ್ಯಾಬಿನ್ ಕೆಲಸ ಅಂತ ಕಾಗದ ಬರೀತಿದ್ರಲ್ಲ!"

"ಕ್ಯಾಬಿನ್ ಕೆಲಸಾನೇ ಕಣೇ ಮಾರಾಯ್ತಿ! ಮರದ ಪುಡಿ ಬಿಟ್ರೆ ಅಲ್ಲಿ ನಂಗೆ ಏನು ಸಿಕ್ತು?"

"ವೈರಸ್ ಸಿಕ್ತು!"

ಅವತ್ತಿನಿಂದ ಮಾವನಿಗೆ ಬೇರೆ ತಟ್ಟೆ, ಬೇರೆ ಲೋಟ. ಮಾತು ಬಂದ್. ಮಾತಿದ್ದರೆ ನನ್ನ ಮೂಲಕ. ಇಬ್ಬರೂ ಒಂದೇ ಮೇಜಿಗೆ ಕೂತಿರುತ್ತಾರೆ, ಅತ್ತೆ ನನಗೆ ಹೇಳುತ್ತಾರೆ: "ಸಾಕೋ ಬೇಕೋ ಕೇಳು." ಮಾವ ನನಗೆ ಹೇಳುತ್ತಾರೆ: "ಉಪ್ಪು ಜಾಸ್ತಿ ಅಂತ ಹೇಳು." ನಾನು ಈ ಕಡೆ ಆ ಕಡೆ ಕತ್ತು ತಿರುಗಿಸಿ ತಿರುಗಿಸಿ ನನ್ನ ಅನ್ನ ಆರಿಹೋಗುತ್ತಿತ್ತು. ಒಂದು ದಿನ ತಲೆ ಕೆಟ್ಟು, "ನಂಗೆ ಸಂಬಳ ಕೊಡ್ತೀರಾ ಇಬ್ರೂ?" ಅಂದೆ. ಯಾರೂ ನಗಲಿಲ್ಲ.

ಹತ್ತು ದಿನ ಆಯಿತು. ಮಾವ ಹೊರಡಲಿಲ್ಲ.

"ಲೈಬ್ರರಿ ಕಪಾಟಿನ ಕೆಲಸ ಮುಗೀಲಿ."

"ಮಾವ, ಕಪಾಟು ಕಾಯುತ್ತೆ."

"ರಿಪೋರ್ಟಲ್ಲಿ ವೈರಸ್ ಇದೆ ಅಂತ ಬಂದ್ರೆ ನಿಮ್ಮತ್ತೆ ಕೈಗೆ ಸಾಕ್ಷಿ ಸಿಕ್ಕ ಹಾಗೆ. ಈ ವಯಸ್ಸಲ್ಲಿ ನಾನು ತಲೆ ತಗ್ಗಿಸಿ ಓಡಾಡ್ಬೇಕಾ? ಬೇಡಮ್ಮ."

"ಅದು ಕ್ಯಾನ್ಸರ್ ಆಗಿದ್ರೆ?"

"ಆಗಿದ್ರೆ ಆಗಿದೆ." ತೋಪಡ ಎತ್ತಿಕೊಂಡು ಕಾರ್ಖಾನೆಗೆ ಹೋಗಿಬಿಟ್ಟರು.

ಆಸ್ಪತ್ರೆಯಿಂದ ಒಂದು ಸಲ ಫೋನ್ ಬಂತು. ವಾರ ಬಿಟ್ಟು ಎರಡನೇ ಸಲ ಡಾಕ್ಟ್ರಮ್ಮನೇ ಮಾಡಿ "ತಡ ಮಾಡ್ಬೇಡಿ" ಅಂದರು. ತಡ ಯಾಕೆ ಅಂತ ಕೇಳಿದ್ದಕ್ಕೆ ಬೇರೆ ತಟ್ಟೆಯ ಜಗಳವನ್ನೆಲ್ಲ ಹೇಳಿಬಿಟ್ಟೆ. ತಡ ಮಾಡಬೇಡಿ ಅಂತ ಒಳ್ಳೇ ಸುದ್ದಿಗೆ ಹೇಳುತ್ತಾರಾ? ನಮ್ಮವರಿಗೆ ಹೇಳಿದರೆ ಅವರು ಅಪ್ಪನ ಮೇಲೆ ರೇಗಿದರು, ಅಪ್ಪ ಮಗನ ಮೇಲೆ ರೇಗಿದರು, ಕೆಲಸ ಮಾತ್ರ ಆಗಲಿಲ್ಲ. ಈ ಗಂಡಸರನ್ನು ನಂಬಿಕೊಂಡರೆ ಆಯಿತು ಅಂತ ನಾನು ಅತ್ತೆಯ ಹತ್ತಿರ ಹೋದೆ. ಅವರು ಬಟ್ಟೆ ಮಡಿಸುತ್ತಿದ್ದರು. ಮಾವನ ಬನಿಯನ್ನುಗಳನ್ನು ಮಾತ್ರ ಮಡಿಸದೆ ಪಕ್ಕಕ್ಕೆ ಎಸೆದಿದ್ದರು.

"ಅತ್ತೆ, ವೈರಸ್ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗ್ಬೇಕು ತಾನೇ? ನಡೀರಿ, ಡಾಕ್ಟ್ರಮ್ಮನ್ನೇ ಕೇಳೋಣ."

ಅತ್ತೆಯ ಕಣ್ಣು ಮಿಂಚಿತು. "ಕೇಳೇಬಿಡೋಣ!"

ಬಸ್ಸಲ್ಲಿ ಅವರು ಯುದ್ಧಕ್ಕೆ ಹೊರಟವರ ಹಾಗೆ ಕೂತಿದ್ದರು. ಡಾಕ್ಟ್ರಮ್ಮನ ಕೋಣೆಗೆ ಹೋದವರೇ, ಕುರ್ಚಿಯನ್ನೂ ಎಳೆಯದೆ ಶುರುಮಾಡಿದರು.

"ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನಮ್ಮ ಯಜಮಾನ್ರಿಗೆ ಆ ವೈರಸ್ ಎಲ್ಲಿಂದ ಬಂತು?"

"ಅವರ ರಿಪೋರ್ಟ್ ವಿಷಯ ಅವರಿಗೇ ಹೇಳ್ಬೇಕಮ್ಮ, ನಿಮಗೆ ಹೇಳೋ ಹಾಗಿಲ್ಲ. ಆ ವೈರಸ್ ಬಗ್ಗೆ ಸಾಮಾನ್ಯವಾಗಿ ಕೇಳಿದ್ರೆ ಹೇಳ್ತೀನಿ."

"ಸರಿ, ಸಾಮಾನ್ಯವಾಗೇ ಕೇಳ್ತೀನಿ. ಒಬ್ಬ ಮೇಸ್ತ್ರಿ. ಅವನಿಗೆ ಒಬ್ಬಳು ಹೆಂಡತಿ. ಅವನು ಬಂದರಿಗೆ ಹೋಗ್ತಾನೆ."

ಡಾಕ್ಟ್ರಮ್ಮ ತುಟಿ ಬಿಗಿಹಿಡಿದರು. ನಗು ತಡೆದದ್ದು ನನಗೆ ಗೊತ್ತಾಯಿತು.

"ನೋಡಿ ಅಮ್ಮ. ಯಾರಿಂದ ಬಂತು, ಯಾವಾಗ ಬಂತು ಅಂತ ಹೇಳೋ ಪರೀಕ್ಷೆ ಜಗತ್ತಲ್ಲೇ ಇಲ್ಲ. ಸಂಸಾರ ಮಾಡೋರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇದು ಒಂದಲ್ಲ ಒಂದು ಸಲ ತಗುಲುತ್ತೆ, ಗೊತ್ತೂ ಆಗದೆ ಹೋಗುತ್ತೆ. ಕೆಲವರಲ್ಲಿ ಹೋಗದೆ ಎಷ್ಟೋ ವರ್ಷ ಸುಮ್ಮನೆ ಕೂತಿರುತ್ತೆ. ಮೂಗಿಗೆ ಹೇಗೆ ಸೇರುತ್ತೆ ಅನ್ನೋದು ನಮಗೇ ಇನ್ನೂ ಪೂರ್ತಿ ಗೊತ್ತಿಲ್ಲ. ಆ ಮೇಸ್ತ್ರಿಗೆ ಹೆಂಡತಿಯಿಂದಲೇ ಬಂದಿರಬಹುದು."

"ಯಾರಿಂದ?"

"ಹೆಂಡತಿಯಿಂದ."

"ನನ್ನಿಂದಾನಾ!" ಸಾಮಾನ್ಯವಾಗಿ ಕೇಳ್ತೀನಿ ಅಂದದ್ದೆಲ್ಲ ಅತ್ತೆಗೆ ಮರೆತುಹೋಯಿತು. "ನಾನು ಇನ್ನೊಬ್ಬ ಗಂಡಸಿನ ಮುಖ ನೆಟ್ಟಗೆ ನೋಡಿದೋಳಲ್ಲ!"

"ನೋಡ್ಬೇಕು ಅಂತಿಲ್ಲ. ಅಪರೂಪಕ್ಕೆ ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತೆ."

"ತಾಯಿಯಿಂದ?" ಅತ್ತೆ ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ಅಂದ್ರೆ ಅವರಿಗೆ ನಮ್ಮತ್ತೆಯಿಂದ ಬಂದಿರಬಹುದಾ?"

"ಇಲ್ಲ ಅನ್ನೋಕಾಗಲ್ಲ."

"ನಂಗೆ ಆಗ್ಲೇ ಅನ್ನಿಸ್ತು!" ಅತ್ತೆ ನನ್ನ ತೊಡೆಗೆ ಒಂದು ಏಟು ಕೊಟ್ಟರು. ತೀರಿಹೋಗಿ ಇಪ್ಪತ್ತು ವರ್ಷವಾದ ತಮ್ಮ ಅತ್ತೆಯ ಮೇಲೆ ಅವರಿಗೆ ಇನ್ನೂ ಎಷ್ಟು ಸಿಟ್ಟಿತ್ತು ಅಂತ ನನಗೆ ಅವತ್ತೇ ತಿಳಿದದ್ದು!

ಡಾಕ್ಟ್ರಮ್ಮ ನಗಲಿಲ್ಲ. ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಅಮ್ಮ, ನೀವೆಲ್ಲ ವೈರಸ್ ಹಿಡ್ಕೊಂಡು ಜಗಳ ಆಡ್ತಿದ್ದೀರಿ. ಉಳಿದದ್ದನ್ನ ಯಾಕೆ ಬಿಟ್ರಿ? ಇಂಥ ಕಾಯಿಲೆಗೆ ವೈರಸ್ ಒಂದೇ ಕಾರಣ ಅಲ್ಲ. ನಲವತ್ತು ವರ್ಷದ ಮರದ ಧೂಳಿದೆ, ಸಿಗರೇಟಿದೆ, ಮತ್ತೆ ಬೆಳೆಯುತ್ತೆ ಅಂತ ಗೊತ್ತಿದ್ದೂ ನೋಡಿಸದೆ ಬಿಟ್ಟ ಗಂಟಿದೆ. ತಟ್ಟೆ ಬೇರೆ ಇಟ್ಟಿದ್ದೀರಂತೆ, ನಿಮ್ಮ ಸೊಸೆ ಫೋನಲ್ಲಿ ಹೇಳಿದ್ರು. ಅದರಿಂದ ಏನೂ ಆಗಲ್ಲ. ಈ ವಾರ ಅವರನ್ನ ಕರ್ಕೊಂಡು ಬನ್ನಿ. ಮುಂದಿನ ತಿಂಗಳಲ್ಲ, ಈ ವಾರ. ಮೂಗಿನ ಪಕ್ಕದಲ್ಲೇ ಕಣ್ಣಿದೆ, ಮೇಲ್ಗಡೆ ಮೆದುಳಿದೆ."

ಅತ್ತೆಯ ಮುಖದಲ್ಲಿ ಇದ್ದಬದ್ದ ಗೆಲುವೆಲ್ಲ ಇಳಿದುಹೋಯಿತು. ವಾಪಸ್ ಬರುವಾಗ ಬಸ್ಸಲ್ಲಿ ಒಂದೇ ಮಾತು ಆಡಿದ್ದು: "ಮೂರು ವಾರ ನಾನೇ ತಡೆದ ಹಾಗಾಯ್ತಲ್ಲೇ."

ಬಸ್ ಇಳಿದವರು ಮಹಡಿ ಹತ್ತಲಿಲ್ಲ. ಸೀದಾ ಕಾರ್ಖಾನೆಗೆ ನುಗ್ಗಿದರು. ಧೂಳು ಅಂದರೆ ಅವರಿಗೆ ಆಗುತ್ತಿರಲಿಲ್ಲ, ಆ ಬಾಗಿಲು ದಾಟಿ ಎಷ್ಟೋ ವರ್ಷವಾಗಿತ್ತು. ನಮ್ಮವರು ಗರಗಸದ ಮಿಷನ್ನಿಗೆ ಹಲಗೆ ಕೊಡುತ್ತಿದ್ದರು, ಮಾವ ಸ್ಯಾಂಡ್ ಪೇಪರ್ ಉಜ್ಜುತ್ತಿದ್ದರು. ಕಿಟಕಿಯ ಬಿಸಿಲಲ್ಲಿ ಪುಡಿ ಮಂಜಿನ ಹಾಗೆ ತೇಲುತ್ತಿತ್ತು. ಅತ್ತೆ ಗೋಡೆಯ ಮೇನ್ ಸ್ವಿಚ್ಚನ್ನು ಟಕ್ ಅಂತ ಕೆಳಕ್ಕೆ ಎಳೆದರು. ಎಲ್ಲ ನಿಂತಿತು.

"ಅಮ್ಮಾ!" ನಮ್ಮವರು ಕೂಗಿದರು.

"ನೀನು ಸುಮ್ನಿರು. ರೀ, ಇಲ್ಲಿ ನೋಡಿ."

ಮೂರು ವಾರದ ಮೇಲೆ ಮೊದಲನೇ ನೇರ ಮಾತು. ಮಾವನ ಕೈಯಿಂದ ಸ್ಯಾಂಡ್ ಪೇಪರ್ ಬಿದ್ದುಹೋಯಿತು.

"ಆ ವೈರಸ್ ನನ್ನಿಂದಲೂ ಬಂದಿರಬಹುದಂತೆ. ನಿಮ್ಮಮ್ಮನಿಂದಲೂ ಬಂದಿರಬಹುದಂತೆ. ಯಾರಿಗೂ ಗೊತ್ತಿಲ್ಲವಂತೆ. ನಾನು ಹಡಗಿನ ಸುದ್ದಿ ಎತ್ತಲ್ಲ. ಎದ್ದೇಳಿ, ಆಸ್ಪತ್ರೆಗೆ ಹೋಗೋಣ."

"ನಮ್ಮಮ್ಮನಿಂದಾನಾ?" ಮಾವನಿಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

"ಅದನ್ನ ಆಮೇಲೆ ಜಗಳ ಆಡೋಣ. ಏಳಿ ಮೊದ್ಲು."

ಮಾವ ಏಳಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. "ಅದೊಂದೇ ಅಲ್ಲ ಕಣೇ," ಅಂದರು. ದನಿ ಬೇರೆಯೇ ಆಗಿತ್ತು. "ಕೊಯ್ದುಬಿಟ್ರೆ ವಾಸನೆ ಮತ್ತೆ ಬರುತ್ತೆ ಅನ್ನೋ ಆಸೇನೂ ಹೋಗುತ್ತೆ. ಮೂಗಿಲ್ಲದ ಮೂಗುಮೇಸ್ತ್ರಿನ ಡಿಪೋದಲ್ಲಿ ಯಾರು ಕೇಳ್ತಾರೆ? ಮುಂಚೆ ನೀನು ಮೆಟ್ಟಿಲು ಇಳೀತಿದ್ರೆ ಸೋಪಿನ ವಾಸನೇಲೇ ನಂಗೆ ಗೊತ್ತಾಗ್ತಿತ್ತು. ಈಗ ನೀನು ಎದುರಿಗೆ ನಿಂತಿದ್ರೂ ಏನೂ ಇಲ್ಲ. ನಂಗೆ ಹೆದರಿಕೆ ಆಗುತ್ತೆ."

ಮಾವ ಹೆದರಿಕೆ ಅನ್ನೋ ಪದವನ್ನು ತಮ್ಮ ಬಗ್ಗೆ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮವರು ಬೇರೆ ಕಡೆ ತಿರುಗಿ ನಿಂತರು. ನನ್ನ ಕಣ್ಣಲ್ಲಿ ನೀರು ತುಂಬಿತು, ಪುಡಿ ಬಿತ್ತು ಅಂತ ಒರೆಸಿಕೊಂಡೆ.

"ಡಿಪೋದವರು ಕೇಳದಿದ್ರೆ ಬಿಡಲಿ," ಅಂದರು ಅತ್ತೆ. "ನಾನು ಕೇಳ್ತೀನಿ. ನಲವತ್ತು ವರ್ಷದಿಂದ ನಿಮ್ಮನ್ನ ಕೇಳ್ತಿರೋಳು ನಾನೇ ತಾನೇ? ನಿಮ್ಮ ಮೂಗನ್ನ ನಾನು ಮದುವೆಯಾಗಿಲ್ಲ." ಅವರ ಕೈ ಹಿಡಿದು ಎಬ್ಬಿಸಿದರು.

ಮರುದಿನ ರಿಪೋರ್ಟ್ ಕೇಳುವಾಗ ನಾವು ಮೂವರೂ ಮಾವನ ಕುರ್ಚಿಯ ಹಿಂದೆ ನಿಂತಿದ್ದೆವು. ಡಾಕ್ಟ್ರಮ್ಮ ನೇರವಾಗಿ ಹೇಳಿದರು. ಗಂಟಿನ ಒಂದು ಭಾಗ ಕ್ಯಾನ್ಸರ್ ಆಗಿದೆ. ವೈರಸ್ಸೂ ಸಿಕ್ಕಿದೆ. ಅವತ್ತು ಬೆಳಗ್ಗೆ ಮಾಡಿಸಿದ ಸ್ಕ್ಯಾನ್ ಪ್ರಕಾರ ಇನ್ನೂ ಕಣ್ಣಿನ ಗೋಡೆ ಮುಟ್ಟಿಲ್ಲ. ಮುಖ ಕೊಯ್ಯದೆ ಮೂಗಿನ ಒಳಗಿಂದಲೇ ತೆಗೆಯಬಹುದು. ತೆಗೆದ ಗಂಟಿನ ಅಂಚು ಶುದ್ಧವಾಗಿದೆಯೋ, ಅಲ್ಲೂ ಕ್ಯಾನ್ಸರ್ ಇದೆಯೋ ಅನ್ನುವುದರ ಮೇಲೆ ಮುಂದಿನ ಮಾತು.

"ವಾಸನೆ?" ಮಾವ ಕೇಳಿದರು.

"ಅದಕ್ಕೆ ನಾನು ಮಾತು ಕೊಡಲ್ಲ. ಜೀವ ಉಳಿಸೋಕೆ ನೋಡ್ತೀನಿ."

"ಆಗ್ಲಿ," ಅಂದರು ಮಾವ. ಅಷ್ಟೇ. ನಾನು ಉಸಿರು ಬಿಟ್ಟೆ.

ಆಪರೇಷನ್ನಿಗೆ ಎಂಟು ದಿನ. ಆ ಎಂಟು ದಿನ ನಮ್ಮ ಮನೆ ಅಡಿಮೇಲಾಯಿತು! ಬೇರೆ ತಟ್ಟೆ ಕಪಾಟಿಗೆ ಹೋಯಿತು. ಮಾವನ ಸಿಗರೇಟು ಪ್ಯಾಕನ್ನು ಮಗಳು ಎಲ್ಲಿ ಬಚ್ಚಿಟ್ಟಳೋ ಇವತ್ತಿಗೂ ಸಿಕ್ಕಿಲ್ಲ. ಧೂಳು ಎಳೆಯುವ ಮಿಷನ್ ಬಂತು. ಕೂರಿಸಿದ ದಿನ ನಾನೇ ಸ್ವಿಚ್ ಹಾಕಿ, ಅದು ಗರಗಸದ ಪುಡಿಯನ್ನೆಲ್ಲ ಗಟಗಟ ಕುಡಿಯೋದನ್ನು ನೋಡಿ ಚಪ್ಪಾಳೆ ತಟ್ಟಿದೆ. ಮಾಸ್ಕ್ ಮಾತ್ರ ನಮ್ಮವರು ಮುಟ್ಟಲಿಲ್ಲ.

"ಉಸಿರು ಕಟ್ಟುತ್ತೆ. ಮಿಷನ್ ಬಂತಲ್ಲ, ಸಾಕು."

"ನಿಮ್ಮಪ್ಪನ್ನ ನೋಡಿದ್ರೂ ಬುದ್ಧಿ ಬರ್ಲಿಲ್ವಾ?"

"ನಂಗೇನಾಗಿದೆ? ಗಟ್ಟಿಮುಟ್ಟಾಗಿದ್ದೀನಿ."

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ, ಎಷ್ಟು ಅಂತ ಹೇಳುವುದು? ಇನ್ನೊಂದು ಜಗಳ ಮಗಳ ಲಸಿಕೆಯದು. ಇದೇ ವೈರಸ್ಸಿಗೆ ಈ ವಯಸ್ಸಲ್ಲೇ ಲಸಿಕೆ ಹಾಕಿಸಿದರೆ ಒಳ್ಳೆಯದು ಅಂದಿದ್ದರು ಡಾಕ್ಟ್ರಮ್ಮ.

"ಇಷ್ಟು ಚಿಕ್ಕ ಹುಡುಗಿಗೆ ಅದೆಲ್ಲ ಯಾಕೆ? ನಾಲ್ಕು ಜನ ಏನಂತಾರೆ?" ಅಂದರು ನಮ್ಮವರು.

ಉತ್ತರ ಕೊಟ್ಟವರು ಅತ್ತೆ. "ಆ ನಾಲ್ಕು ಜನಾನ ನಿಮ್ಮಪ್ಪನ ಪಕ್ಕ ಆಸ್ಪತ್ರೇಲಿ ಮಲಗಿಸ್ತೀಯಾ? ಮೂರು ವಾರ ನಾನು ನಾಚಿಕೆ ಅಂತ ಕೂತು ಆದದ್ದು ಸಾಕು. ನಾನೇ ಕರ್ಕೊಂಡು ಹೋಗ್ತೀನಿ." ಹೋದರು, ಹಾಕಿಸಿಕೊಂಡೂ ಬಂದರು. ಸೂಜಿಗಿಂತ ಅಜ್ಜಿ ಕೈ ಹಿಂಡಿದ್ದೇ ಹೆಚ್ಚು ನೋವಾಯಿತು ಅಂತ ಮಗಳ ದೂರು.

ಆಪರೇಷನ್ ಐದು ಗಂಟೆ ಹಿಡಿಯಿತು. ಆ ಐದು ಗಂಟೆ ಅತ್ತೆ ಒಂದು ಹನಿ ನೀರು ಕುಡಿಯಲಿಲ್ಲ, ನಾನು ಇಡೀ ಬೆಂಚನ್ನು ಸವೆಸಿದೆ. ಹೊರಗೆ ಬಂದ ಮಾವನ ಮೂಗು ತುಂಬ ಹತ್ತಿ. ಬಾಯಲ್ಲಿ ಉಸಿರಾಡುತ್ತಾ ಅತ್ತೆಗೆ ಕೈಸನ್ನೆ ಮಾಡಿದರು. ಊಟ ಮಾಡಿದೆಯಾ ಅಂತ ಕೇಳುತ್ತಿದ್ದಾರೆ ಅಂತ ನಮಗೆಲ್ಲ ತಿಳಿಯಿತು. ಅತ್ತೆ ಹ್ಞೂಂ ಅಂತ ಸುಳ್ಳು ಹೇಳಿದರು.

ಆಮೇಲೆ ಎರಡು ವಾರ ಕಾಯುವ ಕೆಲಸ. ಗಂಜಿ, ಉಪ್ಪುನೀರಲ್ಲಿ ಮೂಗು ತೊಳೆಯೋದು, ಮಾತ್ರೆ. ಮಾವನಿಗೆ ಸುಮ್ಮನೆ ಕೂರಲು ಬಾರದು. ಮಹಡಿಯಿಂದಲೇ ಕೆಳಗಿನ ಶಬ್ದ ಕೇಳಿ "ಗರಗಸ ಮೊಂಡಾಗಿದೆ, ಅರ ಹಾಕಿ ಹರಿತ ಮಾಡೋ!" ಅಂತ ಮಗನಿಗೆ ಕೂಗುತ್ತಿದ್ದರು. ಅತ್ತೆಗೆ ಅದು ಕೇಳಿದರೆ ಹಾಲು ಕುಡಿದಷ್ಟು ಸಂತೋಷ.

ಅಂಚಿನ ರಿಪೋರ್ಟ್ ದಿನ ಎಲ್ಲರೂ ಹೋದೆವು, ಮಗಳು ಕೂಡ ಸ್ಕೂಲಿಗೆ ಚಕ್ಕರ್ ಹೊಡೆದಳು. ಡಾಕ್ಟ್ರಮ್ಮ ಕೊಳವೆ ಇಳಿಸಿ ನೋಡಿದರು, ಕಾಗದ ತಿರುವಿದರು.

"ಅಂಚೆಲ್ಲ ಶುದ್ಧವಾಗಿದೆ," ಅಂದರು. "ಪೂರ್ತಿ ತೆಗೆದಿದ್ದೀವಿ. ಈಗ ಬೇರೆ ಚಿಕಿತ್ಸೆ ಬೇಡ. ಆದ್ರೆ ಎರಡು ತಿಂಗಳಿಗೊಮ್ಮೆ ಬರ್ಲೇಬೇಕು."

ನಾನು ಕಿರುಚಿಯೇಬಿಟ್ಟೆ! ಹೊರಗಿನ ನರ್ಸ್ ಓಡಿ ಬಂದರು. ಅತ್ತೆ ಸೆರಗಲ್ಲಿ ಮುಖ ಮುಚ್ಚಿಕೊಂಡರು, ಮಗಳು ತಾತನ ಕತ್ತಿಗೆ ಜೋತುಬಿದ್ದಳು. ನಮ್ಮವರು "ಸರಿ, ಸರಿ" ಅನ್ನುತ್ತಾ ಸುಮ್ಮನೆ ಎಲ್ಲರ ಬೆನ್ನು ತಟ್ಟುತ್ತಿದ್ದರು. ಮಾವ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಮೆಲ್ಲಗೆ ಆ ಕುರ್ಚಿಯಿಂದ ಇಳಿದು, ಕುರ್ಚಿಯ ಹಿಡಿಯನ್ನು ಅಂಗೈಯಿಂದ ಒರೆಸಿದರು.

"ಡಾಕ್ಟ್ರಮ್ಮ, ನನ್ನದಾಯ್ತು. ಈಗ ಇವನದು ನೋಡಿ." ಮಗನ ಭುಜ ಹಿಡಿದರು. "ಕೂತ್ಕೋ."

"ಅಪ್ಪಾ, ತಮಾಷೆನಾ? ನಂಗೇನಾಗಿದೆ?"

"ನಂಗೂ ಏನೂ ಆಗಿರ್ಲಿಲ್ಲ."

ನಮ್ಮವರು ಕೂತರು. ಕೊಳವೆ ಒಳಗೆ ಹೋಯಿತು. ಟಿವಿಯಲ್ಲಿ ಗುಲಾಬಿ ಬಣ್ಣದ ದಾರಿ ಕಾಣಿಸಿತು. ಇಪ್ಪತ್ತು ವರ್ಷದಿಂದ ಆ ಧೂಳು ಕುಡಿದ ಮೂಗು, ನನ್ನ ಗಂಡನ ಮೂಗು! ನಾನು ಮಗಳ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದೆನೋ ನನಗೇ ಗೊತ್ತಿಲ್ಲ.

ಮಾವ ಟಿವಿ ನೋಡುತ್ತಿರಲಿಲ್ಲ. ಅತ್ತೆಯ ಕಡೆ ತಿರುಗಿ ಪಿಸುಗುಟ್ಟಿದರು. "ಹದಿನೈದು ವರ್ಷದ ಹುಡುಗನ್ನ ಸ್ಕೂಲು ಬಿಡಿಸಿ ಆ ಧೂಳಲ್ಲಿ ನಿಲ್ಲಿಸಿದೋನು ನಾನೇ ಅಲ್ವೇನೇ? ಮೂಗು ಹತ್ರ ತಗೊಂಡು ಹೋಗು ಅಂತ ಕತ್ತು ಹಿಡಿದು ಬಗ್ಗಿಸಿದೋನೂ ನಾನೇ."

ಅತ್ತೆ ಹತ್ತಿರ ಸರಿದರು. ಅವರ ತೋಳು ಹಿಡಿದುಕೊಂಡರು.

"ಎಡಗಡೆ ಏನಿಲ್ಲ," ಅಂದರು ಡಾಕ್ಟ್ರಮ್ಮ. ಬಲಗಡೆ ಬಹಳ ಹೊತ್ತು ನೋಡಿದರು. "ಬಲಗಡೆನೂ ಏನಿಲ್ಲ. ಒಣಗಿದೆ, ಅಷ್ಟೇ. ಇನ್ಮೇಲೆ ಮಾಸ್ಕ್ ಇಲ್ಲದೆ ಮಿಷನ್ ಮುಟ್ಬೇಡಿ. ವರ್ಷಕ್ಕೊಮ್ಮೆ ನನಗೆ ತೋರಿಸಿ."

ಆಗ ಮಾವ ಅತ್ತರು. ತಮ್ಮ ರಿಪೋರ್ಟಿಗೆ ಅಳದ ಮನುಷ್ಯ ಮಗನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, ಕಟ್ಟಿದ ಮೂಗಲ್ಲಿ ಗೊರಗೊರ ಸದ್ದು ಮಾಡುತ್ತಾ, ಮಕ್ಕಳ ಹಾಗೆ ಅತ್ತರು. ಗಾಯ ಬಿಟ್ಟುಕೊಳ್ಳುತ್ತೆ, ಅಳಬೇಡಿ ಅಂತ ಡಾಕ್ಟ್ರಮ್ಮ ಗದರಿದರೂ ನಿಲ್ಲಿಸಲಿಲ್ಲ. ನಮ್ಮವರ ಕಣ್ಣಲ್ಲೂ ನೀರು, ಕೊಳವೆ ಚುಚ್ಚಿದ್ದಕ್ಕೆ ಅಂತ ಆಮೇಲೆ ಹೇಳಿದರು.

"ಸಾಕು ನಿಲ್ಸಪ್ಪ," ಅಂದರು ಅಪ್ಪನ ಹೊಟ್ಟೆಯೊಳಗಿಂದಲೇ. "ಹಾಕ್ಕೋತೀನಿ ಮಾಸ್ಕು. ನಾಳೆಯಿಂದ ಅಲ್ಲ, ಇವತ್ತಿಂದಾನೇ."